ಅಪರಿಚಿತನಿಗೆ ಸಾಕ್ಷಿ ಯಾರು?

ವ್ಯಾಪಾರಕ್ಕೆ ಮೂಲ ಹಣವೆಂದು ಲೋಕ ಭಾವಿಸುತ್ತದೆ. ಆದರೆ ಹಣಕ್ಕಿಂತ ಮೊದಲು ಬೇಕಾದುದು ನಂಬಿಕೆ. ಸ್ವಂತ ಊರಿನಲ್ಲಿ ಮನೆತನದ ಹೆಸರು, ಹಿರಿಯರ ನಡತೆ, ನೆರೆಹೊರೆಯವರ ಮಾತು ಇವೇ ಮನುಷ್ಯನಿಗೆ ಸಾಕ್ಷಿ. ಪರದೇಶದಲ್ಲಿ ನೆಲೆಸಿದವನಿಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಅವನ ಯೋಗ್ಯತೆಯನ್ನು ಅಳೆಯದೆ, ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ಬಂಡವಾಳವನ್ನು ನಿರಾಕರಿಸುವುದು ವಿವೇಕವೋ ದೋಷವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕದ ನಿದರ್ಶನವನ್ನು ನೋಡಬಹುದು. ಅಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವನ ವಾಸ್ತವ್ಯವು ಅವನ ನೌಕರಿಗೆ ಕಟ್ಟುಬಿದ್ದಿರುತ್ತದೆ. ಹೊಸಬನಿಗೆ ಆ ದೇಶದಲ್ಲಿ ಸಾಲ ಪಡೆದು ತೀರಿಸಿದ ದಾಖಲೆಯಿಲ್ಲ, ಒತ್ತೆಯಿಡಲು ಆಸ್ತಿಯಿಲ್ಲ. ವಿದೇಶೀ ಉದ್ಯಮಿಗಳಿಗೆಂದು 2017ರಲ್ಲಿ ಪ್ರಕಟವಾದ ನಿಯಮವು ತಾತ್ಕಾಲಿಕ ವಾಸಕ್ಕೆ ದಾರಿ ತೋರಿತಾದರೂ, ಅಲ್ಲಿನ ಅರ್ಹ ಹೂಡಿಕೆದಾರರಿಂದ 2,50,000 ಡಾಲರು ಬಂಡವಾಳವನ್ನಾಗಲಿ, ಸರ್ಕಾರದ ಅನುದಾನವನ್ನಾಗಲಿ ಮುಖ್ಯ ಆಧಾರವಾಗಿ ಕೇಳಿತು. ಅನುಮತಿ ನೀಡುವವರು ಮೊದಲು ಬಂಡವಾಳ ತೋರಿಸೆನ್ನುತ್ತಾರೆ. ಬಂಡವಾಳ ಹೂಡುವವರು ಮೊದಲು ಅನುಮತಿ ತೋರಿಸೆನ್ನುತ್ತಾರೆ. ಇವೆರಡರ ನಡುವೆ ಎಷ್ಟೋ ಸತ್ಸಂಕಲ್ಪಗಳು ಮೊಳಕೆಯಲ್ಲಿಯೇ ಬಾಡುತ್ತವೆ.

ಈ ಕಷ್ಟವನ್ನು ದಾಟಿದವರೂ ಉಂಟು. ಭಾರತದಿಂದ ಹೋದ ಕನ್ವಲ್ ರೇಖಿಯವರು 1982ರಲ್ಲಿ ಸಂಗಡಿಗರೊಡನೆ ಎಕ್ಸೆಲಾನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು; 1987ರಲ್ಲಿ ಅದು ಷೇರು ಪೇಟೆಯನ್ನು ಪ್ರವೇಶಿಸಿತು. ಅವರೂ ಅವರಂತಹ ಇತರರೂ ಸೇರಿ 1992ರಲ್ಲಿ ಸಿಲಿಕಾನ್ ಕಣಿವೆಯಲ್ಲಿ ‘ಟೈ’ ಸಂಸ್ಥೆಯನ್ನು ಕಟ್ಟಿ, ತಮ್ಮ ಹಿಂದೆ ಬಂದವರಿಗೆ ಮಾರ್ಗದರ್ಶಕರಾದರು. ದಡ ಸೇರಿದವನು ದೋಣಿಯನ್ನು ಮರಳಿ ಕಳುಹಿಸುವುದೆಂದರೆ ಇದೇ.

ಜೈನಧರ್ಮದಲ್ಲಿ ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಸಾಧರ್ಮಿಗಳ ಮೇಲಿನ ಈ ಪ್ರೀತಿ ಶ್ರೇಷ್ಠವೇ ಸರಿ. ಆದರೆ ನಮ್ಮವರನ್ನು ಮಾತ್ರ ನಂಬುವೆನೆಂಬ ಹಠಕ್ಕೆ ಅದು ನೆಪವಾಗಕೂಡದು. ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಬೋಧಿಸುತ್ತದೆ. ಇವುಗಳಲ್ಲಿ ಪ್ರಮೋದವೆಂದರೆ ಗುಣಾಧಿಕರನ್ನು ಕಂಡು ಹರ್ಷಿಸುವುದು. ಬಂಡವಾಳ ಕೇಳಿ ಬಂದ ಸಮರ್ಥ ಪರದೇಶಿಗೆ ಬೇಕಾದುದು ಕಾರುಣ್ಯವಲ್ಲ, ಪ್ರಮೋದ. ಮರುಕದಿಂದ ಕೊಟ್ಟ ಹಣ ಅವನನ್ನು ಕುಗ್ಗಿಸುತ್ತದೆ. ಗುಣವನ್ನು ಗುರುತಿಸಿ ಕೊಟ್ಟದ್ದು ಅವನನ್ನು ನಿಲ್ಲಿಸುತ್ತದೆ.

ಹಾಗೆಂದು ಪರೀಕ್ಷೆಯಿಲ್ಲದೆ ಕೊಡುವುದು ಧರ್ಮವಲ್ಲ. ಲೆಕ್ಕಪತ್ರ ಶುದ್ಧವಾಗಿದೆಯೇ, ಉದ್ದಿಮೆ ಹಿಂಸಾರಹಿತವೇ ಎಂದು ನೋಡಲೇಬೇಕು. ಬಸದಿಗೆ ಅರ್ಪಿತವಾದ ದ್ರವ್ಯವನ್ನು ಇಂತಹ ನಷ್ಟಸಂಭವದ ಕಾರ್ಯಕ್ಕೆ ತೊಡಗಿಸಲಾಗದು. ಇದು ಶ್ರಾವಕನು ತನ್ನ ಸ್ವಂತ ಗಳಿಕೆಯಿಂದ ಮಾಡತಕ್ಕದ್ದು. ಇನ್ನೊಂದು ಎಚ್ಚರವೂ ಅಗತ್ಯ. ಬೇರೆ ದಾರಿಯಿಲ್ಲದವನೆಂದು ತಿಳಿದು ಅವನ ಉದ್ದಿಮೆಯ ಬಹುಪಾಲನ್ನು ಬರೆಸಿಕೊಳ್ಳುವುದು ನ್ಯಾಯವಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿನ ಮೇಲೆ ಹೇರಿದ ಭಾರ ಮಾತ್ರವೇ ಭಾರವಲ್ಲ, ಕರಾರುಪತ್ರದಲ್ಲಿ ಹೇರಿದ್ದೂ ಭಾರವೇ.

ಆದುದರಿಂದ ವಂಶವನ್ನು ಕೇಳುವ ಮೊದಲು ಕೆಲಸವನ್ನು ನೋಡುವುದು, ಯೋಗ್ಯನೆಂದು ಕಂಡವನಿಗೆ ತಾನೇ ಸಾಕ್ಷಿಯಾಗಿ ನಿಲ್ಲುವುದು ಉಳ್ಳವನ ಕರ್ತವ್ಯ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವನ ಸಂಪತ್ತಿಗೆ ಇದಕ್ಕಿಂತ ಉತ್ತಮವಾದ ವಿನಿಯೋಗಗಳು ವಿರಳ.