ಯಾವ ಜಾತಿ ಬೆಕ್ಕು?

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ಇದು ಯಾವ ಜಾತಿ ಬೆಕ್ಕು?" ಮನುಷ್ಯರ ವಿಷಯದಲ್ಲಿ ಹೀಗೆ ನೇರವಾಗಿ ಕೇಳಲು ಈಗ ಸ್ವಲ್ಪ ಸಂಕೋಚವಿದೆ. ಪ್ರಾಣಿಗಳ ವಿಷಯದಲ್ಲಿ ಅದಿಲ್ಲ. ವಂಶ ಗೊತ್ತಿರುವುದು 'ಜಾತಿ ನಾಯಿ', ಮಿಕ್ಕವೆಲ್ಲ 'ಕಂತ್ರಿ'. ಇಂಗ್ಲಿಷಿನ 'ಕಂಟ್ರಿ' ನಮ್ಮ ಬಾಯಲ್ಲಿ ಕಂತ್ರಿಯಾಯಿತು. ಊರಿನದು ಎಂಬ ಅರ್ಥ ಹೋಗಿ ಬೈಗುಳವಾಯಿತು. 'ತಳಿ' ಎಂಬ ಸಭ್ಯ ಪದವೊಂದಿದೆ. ನಾನೂ ಅದನ್ನು ಬಳಸುತ್ತೇನೆ, ಬರೆಯುವಾಗ.

ನನ್ನ ಬೆಕ್ಕಿನ ಹೆಸರು ಮಸಿ. ಮೈಯೆಲ್ಲ ಕೆನೆಬಣ್ಣ, ಮುಖ, ಕಿವಿ, ಪಾದ, ಬಾಲ ಮಾತ್ರ ಒಲೆಗೂಡಿನಲ್ಲಿ ತೂರಿ ಬಂದ ಹಾಗೆ ಕಪ್ಪು. ಕಣ್ಣು ನೀಲಿ. ಹುಟ್ಟಿದ್ದು ಸಾಗರದ ಹತ್ತಿರ, ನಮ್ಮ ಸೋದರತ್ತೆಯ ಮನೆಯ ಸೌದೆ ಕೊಟ್ಟಿಗೆಯಲ್ಲಿ. ತಾಯಿ ಊರೆಲ್ಲ ಅಲೆಯುವ ಬೂದುಪಟ್ಟೆಯ ಬೆಕ್ಕು. ಆ ಸೂಲಿನಲ್ಲಿ ಉಳಿದದ್ದು ಎರಡು ಮರಿ: ಇದು, ಮತ್ತೆ ತಾಯಿಯಂತೆಯೇ ಪಟ್ಟೆಯಿದ್ದ ಇನ್ನೊಂದು. "ಎರಡನ್ನೂ ತಗೊಂಡು ಹೋಗೋ, ಒಂದಕ್ಕೊಂದು ಜೊತೆಯಾಗ್ತವೆ" ಎಂದರು ಅತ್ತೆ. ಬೆಂಗಳೂರಿನ ಮನೆ ಚಿಕ್ಕದು ಎಂದು ಹೇಳಿ ಒಂದನ್ನೇ ತಂದೆ.

ಗೆಳೆಯನೊಬ್ಬ ನೋಡಿದವನೇ "ಅಪ್ಪಟ ಸಯಾಮೀಸ್ ಕಣೋ" ಎಂದ. ಮೊಬೈಲಿನಲ್ಲಿ ಚಿತ್ರ ಹುಡುಕಿದೆವು, ತಾಳೆಯಾಯಿತು. ಸಯಾಮೀಸ್ ಬೆಕ್ಕುಗಳು ಮಾತುಗಾರರು, ಸಾಕಿದವರ ಕಾಲು ಬಿಡುವುದಿಲ್ಲ ಎಂದು ಅಲ್ಲೇ ಓದಿದೆ. ಮಸಿಯೂ ಹಾಗೇ! ಅಂದಿನಿಂದ ಅದರ ಒಂದೊಂದು ಕೂಗೂ ನನಗೆ ಸಾಕ್ಷಿಯಾಗಿ ಕೇಳಿಸತೊಡಗಿತು.

ನಮ್ಮ ತರ್ಕಶಾಸ್ತ್ರದವರು ಈ ತಪ್ಪನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು; ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲ. ಅದಕ್ಕೆ ಅವರು ಕೊಡುವ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು. ತಳಿಗಳ ಸ್ವಭಾವದಲ್ಲಿ ವ್ಯತ್ಯಾಸವಿರುವುದು ಸುಳ್ಳಲ್ಲ. 2019ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಾರು ಬೆಕ್ಕುಗಳ ವಿವರ ನೋಡಿ ಅದನ್ನು ತೋರಿಸಿದ್ದಾರೆ. ಆದರೆ ಸಯಾಮೀಸ್ ಕೂಗುತ್ತದೆ ಎಂಬುದರಿಂದ ಕೂಗುವುದೆಲ್ಲ ಸಯಾಮೀಸ್ ಆಗುವುದಿಲ್ಲವಲ್ಲ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ 'ಮಿಯಾಂವ್' ಎನ್ನುವುದು ಅಪರೂಪ; ಆ ಮಾತು ಹೆಚ್ಚಾಗಿ ನಮಗೆಂದೇ ಇರುವುದು. ನಾನು ಒಂಟಿಯಾಗಿರುವವನು. ಮಸಿ ಕೂಗಿದಾಗಲೆಲ್ಲ ಉತ್ತರ ಕೊಡುತ್ತೇನೆ. ಅದು ಮಾತುಗಾರ್ತಿಯಾಗಲು ಅಷ್ಟು ಸಾಕಲ್ಲವೇ?

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ದಾಗ ವೈದ್ಯರು ತಳಿಯ ಕಾಲಮ್ಮಿನಲ್ಲಿ 'ಡೊಮೆಸ್ಟಿಕ್ ಶಾರ್ಟ್ ಹೇರ್' ಎಂದು ಬರೆದರು. ಮನೆಬೆಕ್ಕು, ಗಿಡ್ಡ ಕೂದಲು, ಅಷ್ಟೇ. ಸಯಾಮೀಸ್ ಎಂದು ಬರೆಯಿರಿ ಎಂದೆ. "ಕಾಗದ ಇದೆಯಾ?" ಎಂದರು. ಆಗ ಸಿಟ್ಟು ಬಂದದ್ದು ನಿಜ. ಆಮೇಲೆ ತಿಳಿಯಿತು, ಬೆಕ್ಕಿನ ಲೋಕದಲ್ಲಿ ತಳಿ ಎಂದರೆ ಬಹುಮಟ್ಟಿಗೆ ಕಾಗದವೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವೇರ್ ಎಂಬಾತ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ್ದು 1871ರಲ್ಲಿ. ವಂಶಾವಳಿ ಬರೆದಿಡುವ ಸಂಘಗಳೆಲ್ಲ ಅದರ ನಂತರದವು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿಗೆ ಸುಮಾರು 9,500 ವರ್ಷ. ಅದರ ತಳಿಯನ್ನು ಯಾರೂ ಕೇಳಿರಲಿಕ್ಕಿಲ್ಲ.

ಶಸ್ತ್ರಚಿಕಿತ್ಸೆಗೆಂದು ಪಕ್ಕೆಯಲ್ಲಿ ಅಂಗೈಯಗಲ ಕೂದಲು ಬೋಳಿಸಿದ್ದರು. ಅಲ್ಲಿ ಮರಳಿ ಬಂದ ಕೂದಲು ಕೆನೆಬಣ್ಣದ್ದಲ್ಲ, ಕಂದುಗಪ್ಪು! ಗಾಬರಿಯಾಗಿ ಫೋನ್ ಮಾಡಿದರೆ ವೈದ್ಯರು ನಕ್ಕರು. ಈ ಬಗೆಯ ಬೆಕ್ಕುಗಳಲ್ಲಿ ಬಣ್ಣ ತಯಾರಿಸುವ ಕಿಣ್ವ ಮೈಯ ಬಿಸಿಗೆ ಕೆಲಸ ನಿಲ್ಲಿಸುತ್ತದೆ, ತಂಪಿದ್ದಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಬೆಚ್ಚಗಿನ ಗರ್ಭದಿಂದ ಮರಿ ಬೆಳ್ಳಗೇ ಹುಟ್ಟುತ್ತದೆ; ಕಿವಿ, ಮೂಗು, ಬಾಲದ ಹಾಗೆ ತಣ್ಣಗಿರುವ ತುದಿಗಳು ಆಮೇಲೆ ಕಪ್ಪಾಗುತ್ತವೆ. ಬೋಳಿಸಿದ ಪಕ್ಕೆಗೆ ಚಳಿ ತಾಗಿತ್ತು. ನಾನು ಕುಲದ ಗುರುತೆಂದು ಮೆರೆಸುತ್ತಿದ್ದದ್ದು ಚಳಿ ಬರೆದಿಟ್ಟ ನಕ್ಷೆ.

ಚಳಿ ಹಾಗೆ ಬರೆಯಲು ಒಂದು ಜೀನು ಬೇಕು, ನಿಜ. ಅದು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಎಂದರೆ ಬೂದುಪಟ್ಟೆಯ ಆ ತಾಯಿಯೂ ಅದನ್ನು ಹೊತ್ತಿತ್ತು, ಕಾಣದ ಹಾಗೆ. ನಾನು ಬಿಟ್ಟುಬಂದ ಪಟ್ಟೆಮರಿಯೂ ಹೊತ್ತಿರಬಹುದು.

ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಮಾಲೀಕರೊಬ್ಬರು ಜಾತಿ ಕೇಳಲಿಲ್ಲ, ತುಂಬ ಸಭ್ಯರು. ಯಾವ ಕಡೆಯವರು, ಮನೆದೇವರು ಯಾವುದು, ನಾನ್‌ವೆಜ್ ತಿಂತೀರಾ ಎಂದು ಕೇಳುತ್ತ, ನನ್ನ ಮುಖವನ್ನೂ ಮಾತಿನ ಧಾಟಿಯನ್ನೂ ಅಳೆಯುತ್ತ, ಕೊನೆಗೆ ಏನನ್ನೋ ಪತ್ತೆಹಚ್ಚಿ "ಆಮೇಲೆ ಫೋನ್ ಮಾಡ್ತೀನಿ" ಎಂದರು. ಮಾಡಲಿಲ್ಲ. ಆ ಅವಮಾನವನ್ನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಸೌದೆ ಕೊಟ್ಟಿಗೆಯಲ್ಲಿ ಎರಡು ಮರಿಗಳನ್ನು ಎತ್ತಿ ಹಿಡಿದು ಮುಖ ನೋಡಿದವನು ನಾನೇ ಎಂಬುದು ಮಾತ್ರ ಆಗ ನೆನಪಾಗುತ್ತಿರಲಿಲ್ಲ. ಬೆಕ್ಕಿಗೂ ಮನುಷ್ಯರಿಗೂ ಹೋಲಿಕೆ ಅತಿಯಾಯಿತು ಎನ್ನುವವರಿದ್ದಾರೆ. ಇರಬಹುದು. ಬೆಕ್ಕಿಗೆ ಅವಮಾನವಾಗುವುದಿಲ್ಲ. ಆದರೆ ನೋಡುವ ಕಣ್ಣು ಎರಡೂ ಕಡೆ ಒಂದೇ ಆಗಿತ್ತು.

ಮನೆ ಚಿಕ್ಕದು ಎಂದಿದ್ದೆನಲ್ಲ. ಎರಡೂ ಮರಿಗಳು ಕೆನೆಬಣ್ಣದವಾಗಿದ್ದರೆ ಮನೆ ಸಾಲುತ್ತಿತ್ತು.

ಮುಂದಿನ ಸಲ ಕೂದಲು ಉದುರಿ ಹೊಸದು ಬಂದಾಗ ಮಸಿಯ ಪಕ್ಕೆಯ ಕಪ್ಪು ಮಾಯವಾಯಿತು. ಯಾವ ಜಾತಿ ಎಂದು ಕೇಳಿದವರಿಗೆ ಈಗ "ಸಾಗರದ್ದು" ಎನ್ನುತ್ತೇನೆ. ಪಟ್ಟೆಮರಿ ಮಳೆಗಾಲದಲ್ಲಿ ಎಲ್ಲೋ ಹೋಯಿತು ಎಂದು ಅತ್ತೆ ಒಮ್ಮೆ ಫೋನಿನಲ್ಲಿ ಅಂದಿದ್ದರು. ಮರಳಿ ಬಂತೇ ಎಂದು ನಾನು ಇನ್ನೂ ಕೇಳಿಲ್ಲ.