ತೀರ್ಥಸ್ನಾನವೂ ತೀರ್ಥರಕ್ಷಣೆಯೂ

ಮಾಘಮಾಸದ ಅರುಣೋದಯದಲ್ಲಿ ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತು, ಗಂಗಾದಿ ಸಕಲ ನದಿಗಳನ್ನು ಕಪಿಲೆಯಲ್ಲಿ ಸ್ಮರಿಸಿ ನಾವು ನೀರಿಗಿಳಿದೆವು. ಯಾರೋ ಬಿಟ್ಟುಹೋಗಿದ್ದ ಪಂಚೆಯೊಂದು ಕಾಲಿಗೆ ಸುತ್ತಿಕೊಂಡಿತು. ಅದನ್ನು ಬಿಡಿಸಿ ದಡಕ್ಕೆ ಹಾಕಿದೆವು. ಆದರೆ ಮನಸ್ಸು ಮತ್ತೆ ಸಂಕಲ್ಪದಲ್ಲಿ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಹಿರಿಯರು, "ಪಾಪವನ್ನೇ ತೊಳೆಯುವ ತಾಯಿಗೆ ಈ ಕೊಳೆ ಅಂಟೀತೇ?" ಎಂದರು.

ಈ ಪ್ರಶ್ನೆಗೆ ಉತ್ತರವು ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿಯೇ ಇದೆ. ಮಣ್ಣು ನುಡಿಯಿತು, ನೀರು ಯೋಚಿಸಿತು ಎಂಬ ಶ್ರುತಿವಾಕ್ಯಗಳು ಆಯಾ ಅಭಿಮಾನಿ ದೇವತೆಗಳನ್ನು ಕುರಿತವು ಎಂಬ ನಿರ್ಣಯವು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಪ್ರಥಮ ಪಾದದಲ್ಲಿದೆ. ನದಿಯ ಅಭಿಮಾನಿ ದೇವತೆ ಬೇರೆ, ಹರಿಯುವ ಜಡವಾದ ಜಲವು ಬೇರೆ. ದೇವತೆಗೆ ನಮ್ಮ ಕೊಳೆಯ ಲೇಪವಿಲ್ಲ, ಜಲಕ್ಕೆ ಇದೆ. ಜಗತ್ತು ಸತ್ಯವೆಂದು ಒಪ್ಪಿದ ನಮಗೆ ಕೊಳೆಯು ಬರಿಯ ತೋರಿಕೆಯೆಂದು ನುಣುಚಿಕೊಳ್ಳುವ ದಾರಿಯಿಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ ಆದುದರಿಂದ ಆ ಜಲವೂ ಅವನ ಅಧೀನದ್ದೇ ಹೊರತು ನಮ್ಮ ಸ್ವತ್ತಲ್ಲ. ಒಡೆಯನ ವಸ್ತುವನ್ನು ಕೆಡಿಸಿ ಒಡೆಯನನ್ನು ಸ್ತುತಿಸುವುದು ಎಂತಹ ಭಕ್ತಿ?

ಉಗುಳು, ಮಲಮೂತ್ರ, ವಿಷ ಮೊದಲಾದವನ್ನು ನೀರಿನಲ್ಲಿ ಬಿಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ. ಅರ್ಚಕರಾಗಿದ್ದ ನಮ್ಮ ತಂದೆಯವರು ತಂಬಿಗೆಯಲ್ಲಿ ನೀರು ಮೊಗೆದು, ದಡದ ಮೇಲೆಯೇ ಬಾಯಿ ಮುಕ್ಕಳಿಸಿ, ಮೈಯ ಕೊಳೆಯನ್ನು ತೊಳೆದು, ಅನಂತರವೇ ನದಿಗೆ ಇಳಿಯುತ್ತಿದ್ದರು. ಬಾಲ್ಯದಲ್ಲಿ ನಾವು ಇದನ್ನು ಅತಿಯಾದ ಮಡಿಯೆಂದು ತಿಳಿದಿದ್ದೆವು. ಅವರು ಕಾಪಾಡುತ್ತಿದ್ದುದು ತಮ್ಮ ಮಡಿಯನ್ನಲ್ಲ, ನದಿಯ ಮಡಿಯನ್ನು ಎಂಬುದು ಈಗ ತಿಳಿಯುತ್ತಿದೆ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ತಂದೆಯವರು ಬಿದಿರಿನ ಬುಟ್ಟಿಯಲ್ಲಿ ಒಯ್ಯುತ್ತಿದ್ದುದು ತುಳಸಿ ಮತ್ತು ಹೂವಿನ ನಿರ್ಮಾಲ್ಯವನ್ನು ಮಾತ್ರ. ನಾವಾದರೋ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲಸಹಿತ ನೀರಿಗೆ ಬಿಟ್ಟದ್ದುಂಟು. ಹೀಗಿರುವಾಗ ಪಂಚೆ ಬಿಟ್ಟ ಯಾತ್ರಿಕನನ್ನು ದೂಷಿಸಲು ನಮಗೆಲ್ಲಿಯ ಅಧಿಕಾರ?

ನಂಜನಗೂಡಿನ ನೀರು ನಂಜನಗೂಡಿನಲ್ಲಿಯೇ ನಿಲ್ಲುವುದಿಲ್ಲ. ಕೌಂಡಿನೀ ನದಿಯನ್ನು ಕೂಡಿಕೊಂಡ ಕಪಿಲೆಯು ಶ್ರೀ ಸುಜ್ಞಾನೇಂದ್ರತೀರ್ಥರ ಬೃಂದಾವನವಿರುವ ಈ ಕ್ಷೇತ್ರವನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ 1989ರಲ್ಲಿ ಕುಂಭಮೇಳವು ಆರಂಭವಾಯಿತು. 2025ರ ಫೆಬ್ರವರಿ 10ರಿಂದ 12ರವರೆಗೂ ನಡೆಯಿತು. ಮುಂದೆ ಅದೇ ಪ್ರವಾಹವು ತಲಕಾಡು, ಶ್ರೀರಂಗಗಳನ್ನು ಹಾದು ಶ್ರೀ ವಿಜಯೀಂದ್ರತೀರ್ಥರ ಬೃಂದಾವನವಿರುವ ಕುಂಭಕೋಣವನ್ನು ಮುಟ್ಟುತ್ತದೆ. ನಾವು ಇಲ್ಲಿ ಬಿಟ್ಟದ್ದು ಕೆಳಗಿನವರ ಆಚಮನಕ್ಕೆ ಒದಗುತ್ತದೆ.

"ಊರ ಚರಂಡಿಯ ನೀರು, ಕಾರ್ಖಾನೆಯ ನೀರು ಸೇರುವಲ್ಲಿ ನಮ್ಮದೊಂದು ಚೀಲದಿಂದೇನು?" ಎನ್ನಬಹುದು. ಅವುಗಳನ್ನು ತಡೆಯುವುದು ಆಡಳಿತದ ಹೊಣೆ. ಅದನ್ನು ಕೇಳುವುದೂ ನಮ್ಮ ಕರ್ತವ್ಯವೇ. ಆದರೆ ಕೇಳುವವನ ಕೈ ಮೊದಲು ಶುದ್ಧವಾಗಿರಬೇಕು. ತಿರುಮಕೂಡಲಿನ ಶ್ರೀ ಗುಂಜಾನರಸಿಂಹಸ್ವಾಮಿಯ ಸನ್ನಿಧಿಯ ಮಹಿಮೆಯು ಕಾಶಿಗಿಂತ ಒಂದು ಗುಲಗಂಜಿಯಷ್ಟು ಅಧಿಕವೆಂಬುದು ಕ್ಷೇತ್ರದ ಪ್ರತೀತಿ. ಗುಲಗಂಜಿಯ ತೂಕವೂ ಲೆಕ್ಕಕ್ಕೆ ಬರುವ ತೀರವಿದು. ಪುಣ್ಯದಲ್ಲಿ ಹೇಗೋ ದೋಷದಲ್ಲಿಯೂ ಹಾಗೆಯೇ.

ಆದುದರಿಂದ ಆಸ್ತಿಕರು ಉಟ್ಟ ಬಟ್ಟೆಯನ್ನು ನದಿಯಲ್ಲಿ ಬಿಡದಿರಲಿ. ಸಾಬೂನನ್ನು ಮನೆಯಲ್ಲಿಯೇ ಇಟ್ಟು ಬರಲಿ. ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ, ಗಿಡದ ಬುಡದ ಮಣ್ಣಿಗೆ ಸೇರಿಸಲಿ. ಈ ನಿಯಮವನ್ನು ನಮ್ಮ ಮನೆಯಲ್ಲಿ ಈಗ ಆರಂಭಿಸಿದ್ದೇವೆ. ತೀರ್ಥವು ನಮ್ಮನ್ನು ರಕ್ಷಿಸಲೆಂದು ಬೇಡುವ ನಾವು ತೀರ್ಥವನ್ನು ರಕ್ಷಿಸುವುದೂ ಸ್ನಾನದ ಅಂಗವೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.