ನೋಟಕ್ಕೆ ಋಣವುಂಟೇ?

ಅನ್ನಕ್ಕೆ ಋಣವುಂಟು, ನೀರಿಗೆ ಋಣವುಂಟು, ನೆಲಕ್ಕೂ ಋಣವುಂಟು. ಊರು ಬಿಟ್ಟವರ ಬಗ್ಗೆ ‘ಆ ಊರಿನ ನೀರಿನ ಋಣ ತೀರಿತು’ ಎಂದು ಹಿರಿಯರು ಹೇಳುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಆದರೆ ನೋಟದ ಋಣ ಎಂಬ ಮಾತನ್ನು ಯಾರೂ ಆಡಿದಂತಿಲ್ಲ. ಕಾರಣ ಸರಳವಾಗಿಯೇ ಇದೆ. ಉಂಡ ಅನ್ನ ಮುಗಿಯುತ್ತದೆ, ಕುಡಿದಷ್ಟು ನೀರು ಕೊಡದಲ್ಲಿ ಕಡಿಮೆಯಾಗುತ್ತದೆ. ನೋಡಿದ ಗುಡಿ ಮಾತ್ರ ನೋಡಿದ ಮೇಲೂ ಹಾಗೆಯೇ ಇರುತ್ತದೆ. ಯಾರ ಪಾಲನ್ನೂ ಕಡಿಮೆ ಮಾಡದ ಕೆಲಸಕ್ಕೆ ಋಣ ಎಲ್ಲಿಂದ ಬರಬೇಕು?

ಪುಣೆಯಲ್ಲಿ ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಫೋನಿನ ತುಂಬ ಎರಡು ಬಗೆಯ ಚಿತ್ರಗಳು. ಹಿಂಜವಡಿ, ಖರಾಡಿಯ ಕಚೇರಿಗಳಿಂದ ರಜೆ ಹಾಕಿ ಯುರೋಪಿಗೆ ಹೋದವರು ಕಳಿಸುವ ಚಿತ್ರಗಳು ಒಂದು ಬಗೆ: ಕಲ್ಲುಹಾಸಿನ ಓಣಿ, ಕಿಟಕಿಯಲ್ಲಿ ಹೂಕುಂಡ, ನೀರಿನಲ್ಲಿ ಚರ್ಚಿನ ಗೋಪುರದ ನೆರಳು. ಅಷ್ಟು ದೂರ ಹೋಗಲಾಗದವರು ಶನಿವಾರ ಬೆಳಿಗ್ಗೆ ಸೋಲಾಪುರ ರಸ್ತೆ ಹಿಡಿದು ಹೋಗಿ ತೆಗೆದ ಚಿತ್ರಗಳು ಇನ್ನೊಂದು ಬಗೆ: ಬಿರುಕುಬಿಟ್ಟ ಕೆಸರು, ದೋಣಿ, ನೀರಿನಿಂದ ಎದ್ದು ನಿಂತ ಕಲ್ಲಿನ ಗುಡಿ. ಎರಡಕ್ಕೂ ಕೆಳಗೆ ಬರುವ ಮಾತು ಒಂದೇ, ‘ಎಷ್ಟು ಚೆಂದ!’

ಮೊದಲು ದೂರದ ಊರಿನ ಮಾತು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಸರೋವರದ ದಡದ ಹಳೆಯ ಊರು. ಅಲ್ಲಿ ವಾಸವಿರುವವರು ಎಂಟುನೂರು ಜನವೂ ಇಲ್ಲ. ಬೇಸಿಗೆಯ ಜನಜಂಗುಳಿಯ ದಿನಗಳಲ್ಲಿ ನೋಡಲು ಬರುವವರು ಹತ್ತು ಸಾವಿರದವರೆಗೆ. 2012ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಈ ಊರಿನ ನಕಲನ್ನೇ ಕಟ್ಟಿದರು ಎಂದರೆ ಅದರ ಅಂದ ಎಷ್ಟೆಂದು ಊಹಿಸಿಕೊಳ್ಳಿ. 2023ರ ಮೇ ತಿಂಗಳಲ್ಲಿ ಊರಿನವರು, ಎಲ್ಲರೂ ಸೆಲ್ಫಿಗೆ ನಿಲ್ಲುವ ಜಾಗದಲ್ಲಿ ನೋಟ ಮುಚ್ಚುವಂತೆ ಮರದ ಹಲಗೆಯ ಬೇಲಿ ಹಾಕಿದರು. ಗಲಾಟೆಯಾಗಿ ಅದನ್ನು ತೆಗೆದರು. ಆಗಸ್ಟ್‌ನಲ್ಲಿ ಊರಿಗೆ ಬರುವ ಸುರಂಗದ ದಾರಿಯಲ್ಲೇ ಪ್ರತಿಭಟನೆಗೆ ನಿಂತರು. ಇದನ್ನು ಓದಿದಾಗ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು ಕೇಳಿದರು, ‘ದುಡ್ಡು ಕೊಟ್ಟೇ ಹೋಗುತ್ತೇವಲ್ಲ, ಅವರಿಗೇನು ಕಷ್ಟ?’

ಕಷ್ಟ ಲೆಕ್ಕದಲ್ಲಿದೆ. ಒಬ್ಬ ನೋಡಿದರೆ ಊರು ಸವೆಯುವುದಿಲ್ಲ. ಹತ್ತು ಸಾವಿರ ಜನ ದಿನವೂ ನೋಡಿದರೆ ದಿನಸಿ ಅಂಗಡಿ ನೆನಪಿನ ಕಾಣಿಕೆಯ ಅಂಗಡಿಯಾಗುತ್ತದೆ, ಬಾಡಿಗೆ ಮನೆ ಹೋಟೆಲ್ ಕೋಣೆಯಾಗುತ್ತದೆ. 1951ರಲ್ಲಿ ವೆನಿಸ್‌ನ ಹಳೆಯ ದ್ವೀಪನಗರದಲ್ಲಿ ಒಂದೂ ಮುಕ್ಕಾಲು ಲಕ್ಷದಷ್ಟು ಜನ ಇದ್ದರು. ಈಗ ಐವತ್ತು ಸಾವಿರಕ್ಕೂ ಕಡಿಮೆ. 2024ರ ಏಪ್ರಿಲ್ 25ರಿಂದ ಆ ನಗರ, ಜನ ಹೆಚ್ಚು ಬರುವ ದಿನಗಳಲ್ಲಿ, ಬಂದು ಅಂದೇ ಮರಳುವ ಪ್ರವಾಸಿಗರಿಗೆ ಐದು ಯೂರೋ ಶುಲ್ಕ ಹಾಕತೊಡಗಿತು. ನೋಟಕ್ಕೆ ಬೆಲೆಯುಂಟು ಎಂದು ಒಂದು ಊರು ಬಾಯಿಬಿಟ್ಟು ಹೇಳಿದಂತಾಯಿತು. ಆದರೆ ಬೆಲೆ ಬೇರೆ, ಋಣ ಬೇರೆ. ಬೆಲೆ ಕೊಟ್ಟರೆ ಲೆಕ್ಕ ಚುಕ್ತಾ. ಋಣ ಹಾಗೆ ಚುಕ್ತಾ ಆಗುವಂಥದ್ದಲ್ಲ.

ಆ ವ್ಯತ್ಯಾಸ ತಿಳಿಯಲು ನಮ್ಮ ಸೋಲಾಪುರ ರಸ್ತೆಗೇ ಬರಬೇಕು. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ, ಭಿಗವಣ ದಾಟಿದ ಮೇಲೆ, ಪಳಸದೇವ ಎಂಬ ಊರು ಸಿಗುತ್ತದೆ. ಭೀಮೆಯ ದಡದಲ್ಲಿದ್ದ ಹಳೆಯ ಪಳಸದೇವ, ಅದರ ಪಳಸನಾಥನ ಗುಡಿಯ ಸಮೇತ, 1980ರ ಹೊತ್ತಿಗೆ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಸೇರಿತು. ಜನ ಮೇಲಕ್ಕೆ ಬಂದು ಬೇರೆ ಊರು ಕಟ್ಟಿಕೊಂಡರು. ಗುಡಿ ಮಾತ್ರ ಅಲ್ಲೇ ಉಳಿಯಿತು. ಸುಮಾರು 117 ಟಿಎಂಸಿ ನೀರು ಹಿಡಿಯುವ ಜಲಾಶಯ ಬೇಸಿಗೆಯಲ್ಲಿ ಇಳಿದಂತೆ ಮೊದಲು ಶಿಖರ, ಆಮೇಲೆ ಕಂಬ, ನೀರು ತೀರಾ ಇಳಿದ ವರ್ಷ ಇಡೀ ಗುಡಿ ಕಾಣುತ್ತದೆ. ನಾವು ನೋಡಲು ಹೋಗುವುದು ಅಂಥ ವರ್ಷಗಳಲ್ಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಡಿ ಪೂರ್ತಿ ಕಾಣಿಸಿತು ಎಂದರೆ ಉಜನಿ ಬತ್ತಿದೆ ಎಂದರ್ಥ. 2024ರ ಬೇಸಿಗೆಯಲ್ಲಿ ಅದರ ನೀರು, ಮಾಮೂಲಾಗಿ ಬಳಸದೆ ಬಿಡುವ ತಳದ ಮಟ್ಟಕ್ಕಿಂತಲೂ ಕೆಳಗಿಳಿದಿತ್ತು. ಅದೇ ನೀರನ್ನು ನಂಬಿದ ಸೋಲಾಪುರದಲ್ಲಿ ನಲ್ಲಿ ಬರುವುದೇ ಕೆಲವು ದಿನಕ್ಕೊಮ್ಮೆ. ಅಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ ಎಂಬುದು ನಿಮಗೆ ಗೊತ್ತೇ ಇದೆ. ಇನ್ನೂ ಕೆಳಗೆ ಇಂಡಿ, ಅಫಜಲಪುರದ ಕಡೆ ಭೀಮೆ ಮರಳಾಗಿ ಮಲಗಿರುತ್ತಾಳೆ. ‘ಉಜನಿಯಿಂದ ನೀರು ಬಿಡಿಸಿ’ ಎಂಬ ಕೂಗು ಅಲ್ಲಿಂದ ಏಳುತ್ತದೆ. ಅಂದರೆ ಪಳಸದೇವದ ಆ ಚೆಂದದ ನೋಟಕ್ಕೆ ಎರಡು ನಷ್ಟಗಳು ಕೂಡಿವೆ: ಅಂದು ಮುಳುಗಿದವರದ್ದು ಒಂದು, ಇಂದು ಬಾಯಾರಿದವರದ್ದು ಇನ್ನೊಂದು.

ಯುರೋಪಿನ ನದಿಗಳಲ್ಲೂ ಇಂಥ ನೋಟಗಳಿವೆ. ಜೆಕ್ ದೇಶದ ಡೆಚಿನ್ ಎಂಬ ಊರಿನ ಬಳಿ ಎಲ್ಬೆ ನದಿಯಲ್ಲಿ ಒಂದು ಬಂಡೆಯಿದೆ. ಇಂಥವನ್ನು ಅಲ್ಲಿ ಹಸಿವಿನ ಕಲ್ಲು ಎನ್ನುತ್ತಾರೆ. ನದಿ ಬತ್ತಿದ ವರ್ಷಗಳನ್ನು ಅದರ ಮೇಲೆ ಕೊರೆದಿದ್ದಾರೆ. ಓದಲು ಸಿಗುವ ಇಸವಿಗಳಲ್ಲಿ ಹಳೆಯದು 1616. ನನ್ನನ್ನು ಕಂಡರೆ ಅಳು ಎಂಬ ಅರ್ಥದ ಒಂದು ಸಾಲೂ ಅಲ್ಲಿದೆ. 2018ರಲ್ಲಿ, 2022ರಲ್ಲಿ ಬರದಿಂದ ಆ ಕಲ್ಲು ಮೇಲೆದ್ದಾಗ ಜನ ಕ್ಯಾಮೆರಾ ಹಿಡಿದು ನೋಡಲು ಹೋದರು. ಅಳಲು ಹೇಳಿದ ಕಲ್ಲಿನ ಮುಂದೆ ನಗುತ್ತಾ ನಿಲ್ಲುವುದು ಕ್ರೌರ್ಯವೇನಲ್ಲ. ಆ ಕಲ್ಲು ಯಾರಿಗಾಗಿ ಬರೆದದ್ದೋ ಅವರಲ್ಲಿ ನಾವು ಸೇರಿಲ್ಲ ಎಂಬ ನಂಬಿಕೆ ಅದು. ಪ್ರವಾಸಿಯ ಮೂಲ ನಂಬಿಕೆಯೂ ಇದೇ: ನಾನು ಹೊರಗಿನವನು, ನೋಡಿ ಹೋಗುವವನು.

ಪುಣೆಯ ಕನ್ನಡಿಗರಲ್ಲಿ ಅನೇಕರಿಗೆ ಆ ನಂಬಿಕೆ ಅಷ್ಟು ಸಲೀಸಲ್ಲ. ನಾವು ವಾರಾಂತ್ಯಕ್ಕೆ ಹೋಗುವ ವಾಯಿ, ಮೇಣವಲಿಯ ಘಾಟುಗಳ ಮುಂದೆ ಹರಿಯುವುದು ಕೃಷ್ಣೆ. ನಾನಾ ಫಡ್ನವೀಸನ ವಾಡೆ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು, ವಸಯಿಯಿಂದ ಬಂದ ಪೋರ್ಚುಗೀಸರ ಕಾಲದ ಗಂಟೆ, ‘ಸ್ವದೇಸ್’ ಸಿನಿಮಾ ತೆಗೆದ ಜಾಗ, ಇವನ್ನೆಲ್ಲ ನೋಡಿ ಸಂಜೆಗೆ ಮರಳುತ್ತೇವೆ. ಅದೇ ಕೃಷ್ಣೆ ಸಾಂಗಲಿ ದಾಟಿ ನಮ್ಮ ಕಡೆ ಬಂದು ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ. ಆ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು, ಕೃಷ್ಣೆ ಘಟಪ್ರಭೆಯರ ದಡದ ಎಷ್ಟೋ ಹಳ್ಳಿಗಳು ಹೋದವು. ಮುಳುಗಡೆ ಎಂಬ ಪದ ಆ ಕಡೆಯವರಿಗೆ ಊರಿನ ಹೆಸರಿನಷ್ಟೇ ಬಳಕೆಯದ್ದು. ಈ ಪತ್ರಿಕೆ ಓದುವವರಲ್ಲಿ ಮುಳುಗಡೆ ಮನೆತನದವರು ಕೆಲವರಾದರೂ ಇರುತ್ತೀರಿ.

ನನ್ನ ಸೋದರತ್ತೆಯ ಊರು ಹಾಗೆ ಹೋದದ್ದು. ಈಗ ಅವರಿರುವುದು ಪುನರ್ವಸತಿ ಕೇಂದ್ರದಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹನುಮಪ್ಪನ ಗುಡಿಯ ಗೋಡೆ, ಕೆಲವು ಮನೆಗಳ ತಳಪಾಯ ಕಾಣುತ್ತವೆ. ಪುಣೆಯ ಇಬ್ಬರು ಗೆಳೆಯರು ಅದನ್ನು ನೋಡಬೇಕೆಂದು ಕೇಳಿದರು. ಅತ್ತೆಗೆ ಫೋನ್ ಮಾಡಿ ಕೇಳಿದೆ. ‘ಬರಲಿ, ಯಾಕ ಬ್ಯಾಡ? ರೊಟ್ಟಿ ಉಂಡು ಹೋಗ್ಲಿ’ ಎಂದರು. ಸ್ವಲ್ಪ ತಡೆದು, ‘ಆದ್ರ ತಮ್ಮಾ, ಅಲ್ಲಿ ನಿಂತು ಭಾಳ ಛೊಲೋ ಐತಿ ಅನ್ನಬ್ಯಾಡ್ರಿ ಅಂತ ಹೇಳು’ ಎಂದರು.

ಆ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅವರು ಬರಬೇಡಿ ಎನ್ನಲಿಲ್ಲ, ದುಡ್ಡು ಕೊಡಿ ಎನ್ನಲಿಲ್ಲ. ಅಲ್ಲಿ ಚೆಂದವಿಲ್ಲ ಎಂದೂ ಹೇಳಲಿಲ್ಲ. ನೀರಿನ ನಡುವೆ ನಿಂತ ಒಂಟಿ ಗೋಡೆ, ಅದರ ಮೇಲೆ ಕೂತ ಬೆಳ್ಳಕ್ಕಿ, ಸಂಜೆಯ ಬಿಸಿಲು, ಇವು ಚೆಂದವೇ. ಅತ್ತೆಯ ಬೇಡಿಕೆ ಮಾತಿನ ಅನುಕ್ರಮದ ಬಗ್ಗೆ ಎಂದು ನನಗನ್ನಿಸುತ್ತದೆ. ಸಾವಿನ ಮನೆಗೆ ಹೋದವರು ಮೊದಲು ಅಂಗಳದ ತುಳಸಿಕಟ್ಟೆಯನ್ನು ಹೊಗಳುವುದಿಲ್ಲ. ಮೊದಲು ‘ಯಾರು, ಹೇಗಾಯಿತು’ ಎಂದು ಕೇಳುತ್ತಾರೆ. ‘ಎಷ್ಟು ಚೆಂದ’ ಎನ್ನುವ ಮೊದಲು ‘ಇದು ಯಾರದು’ ಎಂದು ಕೇಳುವುದೇ ನೋಟದ ಋಣದ ಮೊದಲ ಕಂತು.

ಆ ಪ್ರಶ್ನೆ ಕೇಳದೆ ನೋಟವನ್ನಷ್ಟೇ ಪೂಜಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ನೂರಾರು ಕುಟುಂಬಗಳು ಮನೆ, ಖಾನಾವಳಿ, ಅಂಗಡಿ ಮಾಡಿಕೊಂಡಿದ್ದವು. 2011ರ ಜುಲೈನಲ್ಲಿ ಆಡಳಿತ ಅವನ್ನು ಕೆಡವಿತು. ಮುಂದೆ ಕಡ್ಡಿರಾಂಪುರದ ಬಳಿ ನಿವೇಶನದ ವ್ಯವಸ್ಥೆಯಾಯಿತು. ಹಳೆಯ ಕಂಬಗಳಿಗೆ ಇಟ್ಟಿಗೆ ಗೋಡೆ ಸೇರಿಸಿ ಕಟ್ಟಿದ್ದರು, ಸ್ಮಾರಕ ಹಾಳಾಗುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಬಜಾರು ಎಂದರೆ ಕೊಳ್ಳುವವರು, ಮಾರುವವರು, ಕೂಗುವವರು. ಅವರನ್ನೆಲ್ಲ ಕಳಿಸಿದ ಮೇಲೆ ಉಳಿದದ್ದು ಬಜಾರಿನ ಚಿತ್ರ. ಚಿತ್ರಕ್ಕೆ ಅಡ್ಡ ಬರುವುದು ಅಲ್ಲಿ ಬದುಕುವವರೇ ಎಂದಾದಾಗ ನೋಡುವವನ ಹಕ್ಕು ಇರುವವನ ಹಕ್ಕನ್ನು ದಾಟಿಬಿಟ್ಟಿರುತ್ತದೆ. ಹಾಲ್‌ಸ್ಟಾಟ್‌ನವರು ಬೇಲಿ ಹಾಕಿದ್ದು ಈ ದಿನ ತಮಗೂ ಬಂದೀತು ಎಂಬ ಭಯದಿಂದಲೇ ಇರಬೇಕು.

ಹಾಗಾದರೆ ಹೋಗುವುದನ್ನೇ ಬಿಡಬೇಕೇ? ಬಿಡುವುದು ಸುಲಭದ ಉತ್ತರ, ಅಷ್ಟೇ ಸುಳ್ಳು ಉತ್ತರ. ಭಿಗವಣದ ಹಿನ್ನೀರಿಗೆ ಚಳಿಗಾಲದಿಂದ ಬೇಸಿಗೆಯವರೆಗೆ ರಾಜಹಂಸಗಳು ಬರುತ್ತವೆ. ಹೊಲಗಳನ್ನು ನುಂಗಿದ ಅದೇ ನೀರಿನಲ್ಲಿ ಮೀನುಗಾರರು ದೋಣಿ ನಡೆಸಿ, ಹಕ್ಕಿ ತೋರಿಸಿ, ಮನೆಯಲ್ಲಿ ಊಟ ಹಾಕಿ ಬದುಕು ಕಟ್ಟಿಕೊಂಡಿದ್ದಾರೆ. ನಾವು ಮನೆಯಲ್ಲೇ ಕೂತು ಪಶ್ಚಾತ್ತಾಪ ಪಟ್ಟರೆ ಅವರ ದೋಣಿ ದಡದಲ್ಲಿ ಒಣಗುತ್ತದೆ. ಹೋಗದವನಿಗೆ ಋಣವಿಲ್ಲ ಎಂಬ ಲೆಕ್ಕವೂ ತಪ್ಪು, ಏಕೆಂದರೆ ಈ ಋಣ ನೋಡುವುದರಿಂದ ಹುಟ್ಟಿದ್ದೇ ಅಲ್ಲ.

ಅದು ಎಲ್ಲಿ ಹುಟ್ಟಿತು ಎಂಬುದಕ್ಕೆ ನದಿಯ ದಾರಿ ನೋಡಿದರೆ ಸಾಕು. ಪುಣೆಯ ಸಂಗಮ ಸೇತುವೆಯ ಬಳಿ ಮುಳಾ, ಮುಠಾ ಕೂಡುತ್ತವೆ. ಖರಾಡಿಯ ಗಾಜಿನ ಕಟ್ಟಡಗಳ ಪಕ್ಕದಲ್ಲಿ, ಜಲಕಳೆ ಹೊದ್ದು ಹೋಗುವ ಆ ಕಪ್ಪು ನೀರೇ ಮುಳಾ-ಮುಠಾ. ನಮ್ಮ ಸ್ನಾನದ ಮನೆಯ, ಅಡುಗೆ ಮನೆಯ ನೀರು, ಪೂರ್ತಿ ಶುದ್ಧಿಯಾಗದೆ ಅದರಲ್ಲಿ ಸೇರುತ್ತದೆ. ಅದು ದೌಂಡ್ ಕಡೆಗೆ ಹೋಗಿ ಭೀಮೆಯನ್ನು ಸೇರುತ್ತದೆ, ಭೀಮೆ ಉಜನಿಯನ್ನು. ಅಲ್ಲಿಂದ ಪಂಢರಪುರ, ಸೋಲಾಪುರ. ಆಮೇಲೆ ಕರ್ನಾಟಕ, ರಾಯಚೂರಿನ ಕಡೆ ಕೃಷ್ಣೆಯ ಮಡಿಲು. ಪಳಸದೇವಕ್ಕೆ ನಾವು ಶನಿವಾರ ಕಾರಿನಲ್ಲಿ ಹೋಗುತ್ತೇವೆ. ನಮ್ಮ ಕೊಳೆ ದಿನವೂ ಅದೇ ದಾರಿ ಹಿಡಿದಿದೆ. ಗುಡಿಯ ಸುತ್ತ ನಿಂತ ನೀರಿನಲ್ಲಿ ನಮ್ಮ ಪಾಲೂ ಇದೆ. ಹೊರಗಿನವನು ಎಂಬ ಪ್ರವಾಸಿಯ ನಂಬಿಕೆಗೆ ಆ ದಡದಲ್ಲಿ ಕಾಲೂರಲು ಜಾಗವಿಲ್ಲ. ಅವನು ಮೇಲಿನ ದಡದವನು, ಅಷ್ಟೇ.

ಆದ್ದರಿಂದ ನೋಟಕ್ಕೆ ಋಣವುಂಟೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ನೋಟ ಋಣವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕಾಣಿಸುತ್ತದೆ. ನೀರು ಇಳಿದಾಗ ಗುಡಿ ಕಾಣುವ ಹಾಗೆ. ಕಂಡದ್ದನ್ನು ತೀರಿಸುವುದು ಐದು ಯೂರೋ ಕೊಟ್ಟು ಮುಗಿಸುವ ಕೆಲಸವಲ್ಲ, ಹಾಗೆಂದು ಹಿಮಾಲಯ ಹೊರುವ ಕೆಲಸವೂ ಅಲ್ಲ. ಹೋದ ಊರಿನ ಹಳೆಯ ಹೆಸರು ಕೇಳುವುದು, ಘಾಟಿನ ಮೇಲಿನ ಹೆಂಗಸಿನ ಚಿತ್ರ ತೆಗೆಯುವ ಮೊದಲು ಅವಳ ಕಡೆ ನೋಡಿ ಒಪ್ಪಿಗೆ ಪಡೆಯುವುದು, ಊರಿನವರ ಮನೆಯಲ್ಲೇ ಉಂಡು ಅವರ ದೋಣಿಯನ್ನೇ ಹತ್ತುವುದು, ಇವು ಹೋದ ದಿನದ ಕೆಲಸಗಳು. ಮರಳಿದ ಮೇಲಿನ ಕೆಲಸ ಇನ್ನೂ ದೊಡ್ಡದು. ಪುಣೆಯಲ್ಲಿ ಹತ್ತು ವರ್ಷ ಇದ್ದರೂ ಇಲ್ಲಿನ ನೀರಿನ, ಚರಂಡಿಯ, ಪಾಲಿಕೆಯ ಮಾತು ಬಂದಾಗ ‘ನಾವು ಹೊರಗಿನವರು, ನಮಗೇಕೆ’ ಎಂದು ನಾವೇ ಎಷ್ಟೋ ಸಲ ಸುಮ್ಮನಾಗುತ್ತೇವೆ. ಸೊಸೈಟಿಯ ಸಭೆಯಲ್ಲಿ ಕೊಳಚೆ ನೀರು ಶುದ್ಧಿ ಮಾಡುವ ಯಂತ್ರ ಕೆಟ್ಟಿದೆ, ದುರಸ್ತಿಗೆ ದುಡ್ಡು ಹೆಚ್ಚಾಯಿತು, ಮುಂದಿನ ವರ್ಷ ನೋಡೋಣ ಎಂಬ ಮಾತು ಬಂದಾಗ ಕೈ ಎತ್ತಿ ಬೇಡ ಎನ್ನಬೇಕಾದವರು ಪಳಸದೇವ ನೋಡಿ ಬಂದವರೇ. ಆ ನೀರು ಕೊನೆಗೆ ಯಾರ ಊರಿಗೆ ಹೋಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.